ಮೇಷ್ಟ್ರ ಒಂದು ದಿನದ ಬುದ್ಧಿಭ್ರಮಣೆ

ಹಾಸ್ಟೆಲಿನ ಬಚ್ಚಲಲ್ಲಿ ಯಾರೋ ಒಂದು ಚೂರು ಸೋಪು ಬಿಟ್ಟುಹೋಗಿದ್ದರು. ಅದರ ಮೇಲೆ ವಾರ್ಡನ್ನರು ಕಾಲಿಟ್ಟರು. ಸೋಪು ಒಂದು ಕಡೆ ಹೋಯಿತು, ವಾರ್ಡನ್ನರು ಇನ್ನೊಂದು ಕಡೆ ಹೋದರು, ಅವರ ಸೊಂಟದ ಮೂಳೆ ಎರಡೂ ಕಡೆ ಹೋಯಿತು. ಅವರು ಆಸ್ಪತ್ರೆ ಸೇರಿ ಹಾಯಾಗಿ ಮಲಗಿದರು. ಭೂಗೋಳದ ಮೇಷ್ಟ್ರ ಕಷ್ಟ ಅಲ್ಲಿಂದ ಶುರುವಾಯಿತು.

ಹಾಸ್ಟೆಲ್ ತುಂಬ ಹುಡುಗರು. ವಾರ್ಡನ್ ಆದವನು ಅವರ ಜೊತೆಗೇ ಉಣ್ಣಬೇಕು, ಅಲ್ಲೇ ಮಲಗಬೇಕು. ಸಂಸಾರಸ್ಥರನ್ನು ನೇಮಿಸಿದರೆ ಅವರ ಹೆಂಡತಿಯರು ಶಾಲೆಗೇ ಬಂದು ಜಗಳಕ್ಕೆ ನಿಲ್ಲುತ್ತಾರೆಂಬುದು ಹೆಡ್‌ಮಿಸ್ಟ್ರೆಸ್ಸರ ಅನುಭವ. ಹಾಗಾಗಿ ಉಳಿದವರು ಇಬ್ಬರೇ. ಒಬ್ಬ ಪಿ.ಟಿ. ಮೇಷ್ಟ್ರು, ಮದುವೆಯಾಗದವನು. ಇನ್ನೊಬ್ಬರು ಭೂಗೋಳದ ಮೇಷ್ಟ್ರು. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಪಿ.ಟಿ. ಮೇಷ್ಟ್ರಿಗೆ ಆ ಕೆಲಸ ಬೇಕಾಗಿತ್ತು. ತಾನೇ ಮಾಡಿದ ಅಡುಗೆಯನ್ನು ತಾನೇ ತಿಂದು ಅವನಿಗೆ ಜೀವನದಲ್ಲಿ ಜುಗುಪ್ಸೆ ಬಂದಿತ್ತು. ಆದರೆ ಅವನು ಒಮ್ಮೆ ಕೂಗಿದರೆ ಮಾಡಿನ ಪಾರಿವಾಳಗಳು ಮೂರು ದಿನ ಈ ಕಡೆ ಬರುತ್ತಿರಲಿಲ್ಲ. ಅಂಥವನ ಕೈಗೆ ಮಕ್ಕಳನ್ನು ಕೊಡುವುದು ಹೇಗೆಂದು ಹೆಡ್‌ಮಿಸ್ಟ್ರೆಸ್ಸರಿಗೆ ಅಳುಕು. ಅವರ ಕಣ್ಣು ಭೂಗೋಳದ ಮೇಷ್ಟ್ರ ಮೇಲೆಯೇ ಇತ್ತು.

ಮೇಷ್ಟ್ರಿಗೆ ಮಾತ್ರ ಅದು ಸುತರಾಂ ಬೇಡ. ಅವರದು ಎರಡು ಕೋಣೆಯ ಮನೆ. ಸಂಜೆ ಬಂದು ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಕಿಟಕಿಯ ಬಳಿ ಕುಳಿತು ಆ ದಿನ ನಡೆದದ್ದನ್ನೆಲ್ಲ ಅವರು ಹೆಂಡತಿಗೆ ಹೇಳುತ್ತಿದ್ದರು. ಆಕೆ ಇದ್ದಾಗಲೂ ಹೀಗೆಯೇ ಹೇಳುತ್ತಿದ್ದರು, ಆಕೆ ಹೋದ ಮೇಲೂ ನಿಲ್ಲಿಸಿರಲಿಲ್ಲ. ಆ ಮನೆ ಬಿಟ್ಟರೆ ಆ ಮಾತೂ ನಿಂತುಹೋದೀತೆಂದು ಅವರಿಗೆ ಒಳಗೊಳಗೇ ಭಯ. ಆದರೆ ಇದನ್ನು ಯಾರ ಮುಂದೆ ಬಾಯಿಬಿಟ್ಟು ಹೇಳುವುದು?

ಆಗ ಶಾಲೆಯಲ್ಲಿ ಮನಶ್ಶಾಸ್ತ್ರದ ಮೇಡಂ ಒಬ್ಬರು ಬೀಡುಬಿಟ್ಟಿದ್ದರು. ವಿಶ್ವವಿದ್ಯಾಲಯದವರು. ಶಾಲೆ ಮಕ್ಕಳ ಮನಸ್ಸನ್ನು ಅಳೆಯುವ ಪರೀಕ್ಷೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. "ಹೇಗೂ ಬಂದಿದ್ದೀರಲ್ಲ, ನಮ್ಮ ಇಬ್ಬರು ಮೇಷ್ಟ್ರನ್ನೂ ಒಂದು ಕೈ ನೋಡಿಬಿಡಿ. ಯಾರು ತಕ್ಕವರೋ ಅವರೇ ವಾರ್ಡನ್ ಆಗಲಿ" ಎಂದು ಹೆಡ್‌ಮಿಸ್ಟ್ರೆಸ್ಸರು ಕೇಳಿಕೊಂಡರು.

ಪರೀಕ್ಷೆಯ ದಿನ ಬೆಳಗಾಗುತ್ತಲೇ ಪಿ.ಟಿ. ಮೇಷ್ಟ್ರು ಬಂದು ಬಾಗಿಲು ತಟ್ಟಿದ.

"ಮೇಷ್ಟ್ರೇ, ನಿಮಗೆ ಬೇಡ, ನನಗೆ ಬೇಕು. ಇದರಲ್ಲಿ ಗುಟ್ಟೇನಿದೆ? ನೀವು ಒಂದು ದಿನ ತಲೆ ಕೆಟ್ಟವರ ಥರ ಇದ್ದುಬಿಡಿ, ಇಬ್ಬರಿಗೂ ನೆಮ್ಮದಿ."

"ನಂಗೆ ಅದೆಲ್ಲ ಬರಲ್ಲಪ್ಪ."

"ಏನು ಮಹಾ! ಮಸಿ ಚೆಲ್ಲಿದ ಚಿತ್ರ ತೋರಿಸ್ತಾರೆ. ರಕ್ತ ಅನ್ನಿ, ಚಾಕು ಅನ್ನಿ. ಮನುಷ್ಯನ ಚಿತ್ರ ಬರೀರಿ ಅಂತಾರೆ. ಕೈನೇ ಬರೀಬೇಡಿ. ಅಷ್ಟೇ, ಕೆಲಸ ಆಯ್ತು."

ಈ ಮಾತು ಪಕ್ಕದ ಮನೆಯ ನರ್ಸಮ್ಮನ ಕಿವಿಗೆ ಬಿತ್ತು. ಆಕೆ ಆಸ್ಪತ್ರೆಯಿಂದ ನಿವೃತ್ತಿಯಾಗಿದ್ದರೂ ಸಲಹೆ ಕೊಡುವುದರಿಂದ ನಿವೃತ್ತಿಯಾಗಿರಲಿಲ್ಲ. ಕಾಂಪೌಂಡಿನ ಮೇಲಿಂದ ತಲೆ ಹಾಕಿ ಶುರುಮಾಡಿದಳು.

"ಅಯ್ಯೋ ಅಣ್ಣಾ, ಅವನ ಮಾತು ಕೇಳ್ಬೇಡಿ! ರಕ್ತ ಗಿಕ್ತ ಅಂದ್ರೆ ನೇರ ಕರ್ಕೊಂಡು ಹೋಗಿ ಕಬ್ಬಿಣದ ಮಂಚಕ್ಕೆ ಹಾಕ್ತಾರೆ. ನಾನು ಕಂಡಿಲ್ವಾ? ಸ್ವಲ್ಪ ಮರೆವು, ಸ್ವಲ್ಪ ಅಡ್ಡಾದಿಡ್ಡಿ, ಅಷ್ಟು ಸಾಕು. ಅಂಗಿ ಉಲ್ಟಾ ಹಾಕ್ಕೊಳ್ಳಿ. ದಾರೀಲಿ ಕಂಬ ಸಿಕ್ಕಿದ್ರೆ ಮಾತಾಡ್ಸಿ. ನಾಲ್ಕು ಜನ ನೋಡಿದ್ರೆ ಸಾಕ್ಷಿನೂ ಆಯ್ತು."

ಮೇಷ್ಟ್ರು ಇಬ್ಬರ ಮಾತಿಗೂ ತಲೆಯಾಡಿಸಿದರು. ಯಾರ ಮಾತನ್ನೂ ಅಲ್ಲಗಳೆದು ಅವರಿಗೆ ಅಭ್ಯಾಸವಿರಲಿಲ್ಲ.

ಅಂಗಿ ತಿರುಗಿಸಿ ತೊಟ್ಟು ಹೊರಟರು. ತಿರುವಿನಲ್ಲಿ ದೀಪದ ಕಂಬ ಸಿಕ್ಕಿತು. ಅತ್ತಿತ್ತ ನೋಡಿ, ನಾಚಿಕೊಂಡು, "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದರು. ಅಂಚೆಯವನು ಸೈಕಲ್ ನಿಲ್ಲಿಸಿ ನೋಡಿದ.

"ಇದಪ್ಪ ದೊಡ್ಡ ಗುಣ ಅಂದ್ರೆ," ಎಂದ ಅಂಚೆಯವನು. "ಕಂಬಕ್ಕೂ ಬಹುವಚನ!"

ಶಾಲೆಯ ಬಾಗಿಲಲ್ಲೇ ಹೆಡ್‌ಮಿಸ್ಟ್ರೆಸ್ಸರು ಸಿಕ್ಕಿದರು. ಹೊರಗೆ ಕಾಣುತ್ತಿದ್ದ ಹೊಲಿಗೆಯನ್ನೂ ಒಳಗೆ ಸೇರಿದ ಗುಂಡಿಗಳನ್ನೂ ನೋಡಿ ಅವರ ಮುಖ ಕರಗಿತು.

"ಮೈಮೇಲೆ ಬಟ್ಟೆ ಹೇಗಿದೆ ಅಂತ ಗೊತ್ತಿಲ್ಲದಷ್ಟು ಕೆಲಸದಲ್ಲಿ ಮುಳುಗಿದ್ದೀರಲ್ಲ ಮೇಷ್ಟ್ರೇ! ಮಕ್ಕಳಿಗೆ ಇಂಥವರೇ ಬೇಕು."

ಒಬ್ಬ ಮನುಷ್ಯ ಒಳ್ಳೆಯವನೆಂದು ಹೆಸರು ಪಡೆದುಬಿಟ್ಟರೆ ಹುಚ್ಚನಾಗುವುದೂ ಸುಲಭವಲ್ಲ ಎಂದು ಅವರಿಗೆ ಆಗ ತಿಳಿಯಿತು.

ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ. ಮೇಷ್ಟ್ರಿಗೆ ಮಗಳಿದ್ದಿದ್ದರೆ ಮೇಡಂ ವಯಸ್ಸೇ ಇರುತ್ತಿತ್ತೇನೋ. "ಕೂತ್ಕೊಳ್ಳಿ ಸರ್, ಗಾಬರಿ ಬೇಡ. ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ" ಎಂದು ನಕ್ಕು ಮೊದಲ ಚಿತ್ರವನ್ನು ಮುಂದಿಟ್ಟರು. "ಇದು ಏನಿರಬಹುದು?"

ಮೇಷ್ಟ್ರು ದೇವರನ್ನು ನೆನೆದು, "ರಕ್ತ" ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಚಿತ್ರದ ಅಂಚಿಗೆ ಹೋಯಿತು. ಎಂಥ ಕರಾವಳಿ! ಎಡಕ್ಕೆ ಒಂದು ಕೊಲ್ಲಿ, ಕೆಳಗೆ ಚಾಚಿದ ಪರ್ಯಾಯ ದ್ವೀಪ, ನಡುವೆ ಬಿಳಿಯ ಸರೋವರ. ಮೂವತ್ತು ವರ್ಷ ನಕ್ಷೆ ತಿದ್ದಿದ ಕೈ ತಾನಾಗಿ ಪೆನ್ಸಿಲನ್ನು ಎತ್ತಿಕೊಂಡಿತು.

"ಇಲ್ಲಿ ಬಂದರು ಕಟ್ಟಬಹುದು ನೋಡಮ್ಮ. ಅಲೆ ಹೊಡೆತ ಇರಲ್ಲ. ಆದ್ರೆ ಬರೆದವರು ಉತ್ತರ ದಿಕ್ಕು ತೋರಿಸಿಲ್ಲ. ಅಳತೆ ಪ್ರಮಾಣನೂ ಕೊಟ್ಟಿಲ್ಲ. ಅರ್ಧ ಮಾರ್ಕು ಹೋಯ್ತು."

"ಇದು?"

"ಇದು ಜ್ವಾಲಾಮುಖಿ ದ್ವೀಪ. ಜನವಸತಿ ವಿರಳ."

ಐದಾರು ಚಿತ್ರ ಮುಗಿಯುವ ಹೊತ್ತಿಗೆ ಮೇಷ್ಟ್ರು ಎದ್ದು ನಿಂತು ಪಾಠ ಮಾಡುತ್ತಿದ್ದರು. ಮೇಡಂ ಬರೆದುಕೊಳ್ಳುತ್ತಿದ್ದರು. ಆಗ ಮೇಷ್ಟ್ರಿಗೆ ತಾವು ಬಂದ ಕೆಲಸ ನೆನಪಾಯಿತು. ಕೂಡಲೇ, "ಚಾಕು!" ಎಂದು ಕೂಗಿದರು.

"ಎಲ್ಲಿ ಸರ್?"

"ಎಲ್ಲಾ ಕಡೆ" ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಬಂದರಿನ ಹತ್ತಿರ ಸ್ವಲ್ಪ ಜಾಸ್ತಿ."

ಮನುಷ್ಯನ ಚಿತ್ರ ಬರೆಯಲು ಹೇಳಿದಾಗ ಕೈಯಿಲ್ಲದ ಒಬ್ಬನನ್ನು ಬರೆದರು. ಪಾಪ, ಕೈಯಿಲ್ಲದೆ ಅವನು ಹೇಗೆ ಬದುಕಿಯಾನೆಂದು ಮರುಕ ಹುಟ್ಟಿ, ಪಕ್ಕದಲ್ಲಿ ಅವನಿಗೆ ಊಟ ಮಾಡಿಸಲು ಇನ್ನೊಬ್ಬನನ್ನು ಬರೆದರು. ಅಭ್ಯಾಸಬಲದಿಂದ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಹಾಕಿದರು. ಕೊನೆಗೆ ನರ್ಸಮ್ಮನ ಮಾತಿನಂತೆ ಖಾಲಿ ಕುರ್ಚಿಯ ಕಡೆ ತಿರುಗಿ, "ತಮ್ಮದು ಯಾವ ಊರು?" ಎಂದು ವಿಚಾರಿಸಿದರು.

ಮೇಡಂ ಎಲ್ಲವನ್ನೂ ಶಾಂತವಾಗಿ ನೋಡಿದರು. ಆಮೇಲೆ ಕಾಗದಗಳನ್ನು ಬದಿಗೆ ಸರಿಸಿ ಸುಮ್ಮನೆ ಕೇಳಿದರು:

"ಸಂಜೆ ಹೊತ್ತು ಏನು ಮಾಡ್ತೀರಿ ಸರ್?"

ಇದಕ್ಕೆ ಪಿ.ಟಿ. ಮೇಷ್ಟ್ರೂ ನರ್ಸಮ್ಮನೂ ಉತ್ತರ ಹೇಳಿಕೊಟ್ಟಿರಲಿಲ್ಲ. ಇದ್ದದ್ದು ಇದ್ದ ಹಾಗೆ ಬಾಯಿಗೆ ಬಂದುಬಿಟ್ಟಿತು.

"ಹೆಂಡತಿ ಜೊತೆ ಮಾತಾಡ್ತೀನಮ್ಮ."

"ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ಬನೇ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ಸರು ಮೇಷ್ಟ್ರನ್ನು ಕರೆಸಿದರು. ಕೋಣೆಯಲ್ಲಿ ಪಿ.ಟಿ. ಮೇಷ್ಟ್ರು ಆಗಲೇ ಎದೆ ಉಬ್ಬಿಸಿಕೊಂಡು ನಿಂತಿದ್ದ.

"ಮೇಷ್ಟ್ರೇ, ವಾರ್ಡನ್ ಕೆಲಸ ಇವರಿಗೆ ಕೊಟ್ಟಿದ್ದೀವಿ" ಎಂದರು ಹೆಡ್‌ಮಿಸ್ಟ್ರೆಸ್ಸರು. "ಕೂಗಾಡೋದು ಬಿಟ್ಟರೆ ಇವರ ಮನಸ್ಸಲ್ಲಿ ಏನೂ ಇಲ್ವಂತೆ."

ಮೇಷ್ಟ್ರಿಗೆ ಕುಣಿಯುವಷ್ಟು ಸಂತೋಷವಾಯಿತು. ಕಷ್ಟಪಟ್ಟು ಮುಖವನ್ನು ಪೆಚ್ಚಾಗಿಟ್ಟುಕೊಂಡು, "ದೇವರಿಚ್ಛೆ. ಹಾಗಾದ್ರೆ ನಾನು ಹೊರಡಲಾ?" ಎಂದರು.

"ಕೂತ್ಕೊಳ್ಳಿ. ನಿಮ್ಮ ಚಾಕು, ಕುರ್ಚಿ ಯಾವುದನ್ನೂ ಮೇಡಂ ನಂಬಿಲ್ಲ. ಎಂಟು ವರ್ಷದ ಮಕ್ಕಳು ನಿಮಗಿಂತ ಚೆನ್ನಾಗಿ ಸುಳ್ಳು ಹೇಳ್ತಾರೆ ಅಂದ್ರು. ನಿಮಗೆ ಹುಚ್ಚಿಲ್ಲ. ಆದರೆ ಒಂದು ಮಾತು ಮಾತ್ರ ನಿಜ ಅಂದ್ರು. ಸಂಜೆ ಮಾತು." ಹೆಡ್‌ಮಿಸ್ಟ್ರೆಸ್ಸರ ದನಿ ತಗ್ಗಿತು. "ಸದ್ಯಕ್ಕೆ ಜವಾಬ್ದಾರಿ ಹೊರಿಸಬಾರದಂತೆ. ಒಂಟಿಯಾಗಿ ಬಿಡಲೂಬಾರದಂತೆ. ಯಾವಾಗಲೂ ಸುತ್ತ ಜನ ಇರಬೇಕಂತೆ. ಅದಕ್ಕೇ ಹಾಸ್ಟೆಲಲ್ಲಿ ಒಂದು ಮಂಚ ಹಾಕಿಸಿದ್ದೀನಿ. ಹುಡುಗರ ಮಧ್ಯೇನೇ. ನಿಮ್ಮನ್ನ ನೋಡ್ಕೊಳ್ಳೋ ಹೊಣೆ ಇವರದು."

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. "ಅಮ್ಮಾ, ನಾನು ಹೇಳಿದ್ದೆಲ್ಲ ನಾಟಕ!"

"ಗೊತ್ತು. ಸಂಜೆ ಮಾತೂ ನಾಟಕಾನಾ? ಹೌದಾದರೆ ಹೇಳಿಬಿಡಿ, ನನಗೂ ಸಮಾಧಾನ. ಆಗ ನಿಮಗೆ ಯಾವ ತೊಂದರೆನೂ ಇಲ್ಲ ಅಂತಾಯ್ತು. ಈ ನಿಮಿಷವೇ ನಿಮ್ಮನ್ನೇ ವಾರ್ಡನ್ ಮಾಡ್ತೀನಿ."

ಪಿ.ಟಿ. ಮೇಷ್ಟ್ರು ಬೆಚ್ಚಿ, ಹೆಡ್‌ಮಿಸ್ಟ್ರೆಸ್ಸರ ಹಿಂದಿನಿಂದ ಎರಡೂ ಕೈ ಜೋಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದ. ಅದನ್ನು ಮೇಷ್ಟ್ರು ನೋಡಲಿಲ್ಲ. ಬೆಳಗಿನಿಂದ ಕಂಬಕ್ಕೆ, ಕುರ್ಚಿಗೆ, ಮಸಿಗೆ ಅವರು ಲೆಕ್ಕವಿಲ್ಲದಷ್ಟು ಸುಳ್ಳು ಹೇಳಿದ್ದರು. ಇನ್ನೊಂದೇ ಒಂದು ಹೇಳಿದರೆ ಬೇರೇನಿಲ್ಲದಿದ್ದರೂ ಮರ್ಯಾದೆಯಾದರೂ ಉಳಿಯುತ್ತಿತ್ತು. ಬಾಯಿ ತೆರೆದರು. ಹೆಂಡತಿಯ ಮುಖ ಕಣ್ಣಮುಂದೆ ಬಂತು. ಬಾಯಿ ಮುಚ್ಚಿದರು.

"ಇಲ್ಲಮ್ಮ" ಎಂದರು. "ಅದೊಂದು ನಿಜ."

"ಬೆಳಿಗ್ಗೆ ಐದಕ್ಕೆ ಕಸರತ್ತು ಇರತ್ತೆ ಮೇಷ್ಟ್ರೇ" ಎಂದ ಹೊಸ ವಾರ್ಡನ್, ಎದೆ ಮತ್ತೆ ಉಬ್ಬಿಸಿ. "ಯಾರಿಗೂ ವಿನಾಯಿತಿ ಇಲ್ಲ."

ಆ ಸಂಜೆ ಮೇಷ್ಟ್ರು ಮನೆಗೆ ಬಂದು ಪೆಟ್ಟಿಗೆಯಲ್ಲಿ ನಾಲ್ಕು ಬಟ್ಟೆ ತುಂಬಿದರು. ದೇವರಿಗೆ ಕೈಮುಗಿದರು. ಹೊರಗೆ ಅವರನ್ನು ಕರೆದೊಯ್ಯಲು ಬಂದ ಹುಡುಗರು ಆಗಲೇ ಗೇಟಿಗೆ ಜೋತುಬಿದ್ದು ಗಲಾಟೆ ಎಬ್ಬಿಸಿದ್ದರು. ನರ್ಸಮ್ಮ ಅವರಿಗೆ ಬೈಯುತ್ತಿದ್ದಳು. ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು, ಬಾಗಿಲು ಎಳೆದುಕೊಳ್ಳುತ್ತ ಪಕ್ಕಕ್ಕೆ ತಿರುಗಿ ಮೆಲ್ಲಗೆ ಹೇಳಿದರು:

"ನಡಿಯೇ, ಹೋಗೋಣ. ನಿನಗೆ ಗದ್ದಲ ಅಂದ್ರೆ ಆಗಲ್ಲ ಅಂತ ಗೊತ್ತು. ಸ್ವಲ್ಪ ದಿನ ಹೊಂದ್ಕೊ."