ಸುಸ್ತು ಹುಡುಕಲು ಹೋದ ವೈರುಗಳು

ಮನುಷ್ಯರ ತಲೆಗೆ ವೈರು ಅಂಟಿಸುವ ಕೆಲಸಕ್ಕೆ ಸೇರಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವೇ ಬಂದು ಎದುರಿಗೆ ಕೂರುತ್ತವೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೆದುಳಿನ ಸಂಶೋಧನೆ ಮಾಡುತ್ತಿದ್ದ ಒಬ್ಬ ಡಾಕ್ಟರಮ್ಮನ ಕೈಕೆಳಗೆ ಟೆಕ್ನಿಷಿಯನ್ ಆಗಿದ್ದೆ. ಎಷ್ಟು ಮಲಗಿದರೂ ಇಳಿಯದ ಸುಸ್ತು ಕೆಲವರಿಗೆ ಯಾಕೆ ಬರುತ್ತದೆ, ಆಗ ಮೆದುಳಿನಲ್ಲಿ ಏನು ನಡೆಯುತ್ತದೆ ಎಂಬುದು ಅವರ ಪ್ರಶ್ನೆ. ಉತ್ತರ ಆಗ ಯಾರಿಗೂ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಬೆಂಗಳೂರಿನಿಂದ ವ್ಯಾನಿನಲ್ಲಿ, ಮೆದುಳಿನ ಅಲೆಗಳನ್ನು ಹಾಳೆಯ ಮೇಲೆ ಗೀಟು ಗೀಟಾಗಿ ಬರೆಯುವ ಮಿಷನ್ನು ಹೇರಿಕೊಂಡು ನನ್ನ ಊರಾದ ದೊಡ್ಡಬಳ್ಳಾಪುರಕ್ಕೆ ಬಂದು, ನೇಕಾರರ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದೆವು.

ಎಣ್ಣೆ

ಮೊದಲು ಬಂದವಳು ಅದೇ ಬೀದಿಯ ಒಂದು ಮನೆಯ ಸೊಸೆ. ಎರಡು ವರ್ಷದ ಹಿಂದೆ ಒಂದು ಜ್ವರ ಬಂದು ಹೋದ ಮೇಲೆ, ಸ್ವಲ್ಪ ಹೊತ್ತು ಮಗ್ಗಕ್ಕೆ ನೂಲು ಸುತ್ತಿಕೊಟ್ಟರೂ ಎರಡು ದಿನ ಏಳಲಾಗುತ್ತಿರಲಿಲ್ಲ. ರಕ್ತ, ಎಕ್ಸ್‌ರೇ ಎಲ್ಲ ಸರಿಯಾಗಿತ್ತು. ಹಾಗಾಗಿ ಬೀದಿಯವರೆಲ್ಲ ಸೇರಿ ಅವಳಿಗೆ ಸೋಮಾರಿ ಎಂದು ಹೆಸರಿಟ್ಟಿದ್ದರು, ಅವಳ ಅತ್ತೆಯೂ ಸೇರಿದಂತೆ. "ಸಾರ್, ನಾನು ನಾಟಕ ಆಡ್ತಿಲ್ಲ ಅಂತ ನಿಮ್ಮ ಮಿಷನ್ ಹೇಳುತ್ತಾ?" ಎಂದು ಅವಳು ಕೇಳಿದಳು.

ವೈರು ಅಂಟಿಸಲು ಹೋದರೆ ಜಾರಿತು. ಇನ್ನೊಂದು ಅಂಟಿಸಿದೆ, ಅದೂ ಜಾರಿತು. ಹರಳೆಣ್ಣೆ ತಲೆಯಿಂದ ಕಿವಿಯವರೆಗೆ ಇಳಿದಿತ್ತು. ದೊಡ್ಡ ಡಾಕ್ಟರ ಹತ್ತಿರ ಸೊಸೆ ಒಣ ತಲೆಯಲ್ಲಿ ಹೋದರೆ ಮನೆಯ ಮರ್ಯಾದೆ ಏನಾಗಬೇಕು ಎಂದು ಅತ್ತೆ ಸುರಿದಿದ್ದರು.

"ಎಣ್ಣೆ ಹಚ್ಚದೆ ಬನ್ನಿ ಅಂತ ಚೀಟಿ ಕೊಟ್ಟಿದ್ನಲ್ಲಮ್ಮ?" ಎಂದೆ.

ಜೊತೆಗೆ ಬಂದಿದ್ದ ಅತ್ತೆ ಮುಂದಾಗಿ ಹೇಳಿದರು: "ಇವತ್ತೆಲ್ಲಪ್ಪ ಹಚ್ಚಿದೀನಿ? ಇದು ನೆನ್ನೆದು!"

ಗಟ್ಟಿಮುಟ್ಟಾದವರು ಬೇಕಾಗಿದ್ದಾರೆ

ಹೋಲಿಸಿ ನೋಡಲು ಸುಸ್ತಿಲ್ಲದವರೂ ಬೇಕಿತ್ತು. ಬೀದಿ ಬೀದಿ ಅಲೆದೆ. "ಆರೋಗ್ಯವಾಗಿದ್ದೀರಾ?" ಎಂದು ಕೇಳಿದರೆ, ದೃಷ್ಟಿಯಾದೀತೆಂದು ಯಾರೂ ಹೌದು ಎನ್ನರು. ಅಕ್ಕಿ ಮೂಟೆ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದವನೂ "ಏನೋ ಹಿಂಗಿದೀನಿ ಗುರು, ಮೊದ್ಲಿನಂಗಿಲ್ಲ" ಎಂದ.

ಡಾಕ್ಟರಮ್ಮನಿಗೆ ಸಾಕಾಗಿ ಹೋಯಿತು. "ಈ ಊರಲ್ಲಿ ಒಬ್ಬರಾದರೂ ಚೆನ್ನಾಗಿಲ್ಲವೇನ್ರೀ? ಹೋಗಲಿ, ನೀವು ಆರೋಗ್ಯವಾಗಿದ್ದೀರಿ ತಾನೇ?"

ನಾನು ಸುತ್ತ ಒಮ್ಮೆ ನೋಡಿ, "ಏನೋ ಪರವಾಗಿಲ್ಲ ಮೇಡಂ" ಎಂದೆ.

ಕರೆಂಟು

ಕೊನೆಗೆ ಆ ಸೊಸೆಯ ಗಂಡನನ್ನೇ ಒಪ್ಪಿಸಿದೆವು. ವೈರು ಅಂಟಿಸಿ, "ಕಣ್ಣು ಮುಚ್ಕೊಂಡು ಹಾಯಾಗಿರಪ್ಪ" ಎಂದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು, ನಮ್ಮ ಮಿಷನ್ನೂ ನಿಂತಿತು. ಅವನು ಮಾತ್ರ ಹೇಳಿದ ಹಾಗೆ ಅಲ್ಲಾಡದೆ ಮಲಗಿದ್ದ. ಮುಕ್ಕಾಲು ಗಂಟೆಯಾದ ಮೇಲೆ ಕರೆಂಟು ಬಂತು. ಮಗ್ಗಗಳು ಲಟಪಟ ಎಂದದ್ದೇ ತಡ, ಅವನು ಎದ್ದು ಓಡಿಬಿಟ್ಟ! ಕರೆಂಟಿರುವಾಗ ಸುಮ್ಮನೆ ಮಲಗುವುದನ್ನು ನಮ್ಮ ಊರಿನ ನೇಕಾರರಿಗೆ ಯಾರೂ ಕಲಿಸಿರಲಿಲ್ಲ. ನಾನು ಹಿಂದೆಯೇ ಓಡಿದೆ. ವೈರುಗಳನ್ನು ಜಡೆಯ ಹಾಗೆ ಬೆನ್ನ ಮೇಲೆ ಇಳಿಬಿಟ್ಟುಕೊಂಡು ಅವನು ಆಗಲೇ ಸೀರೆ ನೇಯುತ್ತಿದ್ದ.

"ಪರೀಕ್ಷೆ ಅರ್ಧಕ್ಕೇ ನಿಂತೋಯ್ತಲ್ಲಪ್ಪ!" ಎಂದು ಕೂಗಿದೆ.

"ಕರೆಂಟ್ ಹೋದಾಗ ಬರ್ತೀನಿ ಬಿಡಿ ಸಾರ್. ಆಗ ಎಷ್ಟೊತ್ತು ಬೇಕಾದ್ರೂ ಮಾಡಿ!"

ಅತ್ತೆ

ಮಗನ ಕಥೆ ಹೀಗಾಯಿತೆಂದು ಅತ್ತೆಯೇ ಬಂದರು. ದೃಷ್ಟಿಗಿಷ್ಟಿಗೆ ಹೆದರುವ ಹೆಂಗಸಲ್ಲ. "ನಂಗೆ ಹಾಕಿ. ಈ ಮನೆಗೆ ಬಂದಾಗಿಂದ ಒಂದಿನ ಹಗಲು ಮಲಗಿದವಳಲ್ಲ ನಾನು. ಇವಳ ಕಳ್ಳಾಟ ಬಯಲಾಗ್ಲಿ" ಎಂದರು. ಈ ಸಲ ತಲೆಯ ಎಣ್ಣೆ ತೊಳೆಸಿ, ಸೊಸೆಗೂ ಅತ್ತೆಗೂ ಪರೀಕ್ಷೆ ಮುಗಿಸಿದೆವು.

ಮುಂದಿನ ವಾರ ಇಬ್ಬರ ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿದೆ. ಮನೆಮಂದಿಯೆಲ್ಲ ಬಂದಿದ್ದರು. ಸೊಸೆ ಗೋಡೆಗೊರಗಿ ಕೂತು ಸೆರಗಿನ ತುದಿ ಹಿಂಡುತ್ತಿದ್ದಳು.

ಡಾಕ್ಟರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳುವವರು. "ಕಣ್ಣಿಗೆ ಎರಡರಲ್ಲೂ ವ್ಯತ್ಯಾಸ ಕಾಣ್ತಿಲ್ಲ. ನಾವಿನ್ನೂ ಹುಡುಕ್ತಾ ಇದ್ದೀವಿ. ಹಾಳೆಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಸುಸ್ತು ಸುಳ್ಳಲ್ಲ. ಇದು ನಿಜವಾದ ಕಾಯಿಲೆ, ಈಕೆಗೆ ವಿಶ್ರಾಂತಿ ಬೇಕು" ಎಂದರು.

"ನೋಡಮ್ಮ, ಇವಳದೂ ನಿನ್ನಂಗೇ ಐತಂತೆ!" ಎಂದ ಮಗ. ಸೊಸೆಯ ಮುಖ ಇಳಿದುಹೋಯಿತು. ಮುಗಿಯಿತು ಇವಳ ಕಥೆ ಎಂದುಕೊಂಡೆ. ನನಗೆ ನಿಜಕ್ಕೂ ಸಂಕಟವಾಯಿತು.

ಅತ್ತೆ ಎರಡೂ ಹಾಳೆಗಳ ಮೇಲೆ ಬೆರಳಾಡಿಸಿದರು. "ಸುಸ್ತು ನಿಜ ಅಂದ್ರಲ್ವಾ ಡಾಕ್ಟರಮ್ಮ?"

"ಹೂಂ, ನಿಜ."

"ಇವಳ ಗೀಟೂ ನನ್ನ ಗೀಟೂ ಒಂದೇನಾ?"

"ನೋಡೋಕೆ ಒಂದೇ."

ಅತ್ತೆ ಕುರ್ಚಿಯಲ್ಲಿ ಕುಸಿದರು. "ಅಯ್ಯೋ ಶಿವನೇ, ಹಂಗಾದ್ರೆ ನಂಗೂ ಸುಸ್ತೇ! ನಲವತ್ತು ವರ್ಷದಿಂದ ಒಬ್ಬರಾದ್ರೂ ಹೇಳಿದ್ರಾ ನಂಗೆ?"

ಡಾಕ್ಟರಮ್ಮ ಹಾಗಲ್ಲ ಎಂದು ಬಿಡಿಸಿ ಹೇಳಲು ಹೊರಟರು. ಅತ್ತೆ ಕೇಳುವ ಸ್ಥಿತಿಯಲ್ಲಿರಲಿಲ್ಲ. "ಬಾ ತಾಯಿ, ಪಾಪ ನೀನು ಎರಡು ವರ್ಷದಿಂದ ಹೇಳ್ತಾನೇ ಇದ್ದೆ. ನಡಿ, ಇಬ್ಬರೂ ಮಲಗೋಣ" ಎಂದು ಸೊಸೆಯ ಕೈ ಹಿಡಿದು ಎಬ್ಬಿಸಿ, ಮಗನ ಕಡೆ ತಿರುಗಿದರು: "ಏನೋ ನೋಡ್ತಾ ನಿಂತಿದೀಯ? ಹೋಗು, ಮುದ್ದೆಗೆ ಎಸರಿಡು."

ಅವನು ಹಣೆ ಒತ್ತಿಕೊಂಡ. "ಅಮ್ಮ, ನಂಗೂ ಯಾಕೋ ಸುಸ್ತು ಕಣಮ್ಮ."

"ಹೌದೇನೋ?" ಎಂದರು ಅತ್ತೆ, ಎರಡೂ ಹಾಳೆ ಸುತ್ತಿ ಕಂಕುಳಲ್ಲಿಟ್ಟುಕೊಳ್ಳುತ್ತಾ. "ಎಲ್ಲಿ, ನಿನ್ನ ಹಾಳೆ ತೋರಿಸು?"