ನಮ್ಮ ಬಡಾವಣೆಗೆ ಮೊದಲು ಬಂದವರು

ಇತಿಹಾಸಕಾರರೆಲ್ಲ ಸತ್ತವರ ಬಗ್ಗೆಯೇ ಯಾಕೆ ಬರೆಯುತ್ತಾರೆಂಬುದು ನನಗೆ ಈಚೆಗಷ್ಟೇ ತಿಳಿಯಿತು. ಸತ್ತವರು ಬೆಳಿಗ್ಗೆ ಹಾಲು ತರಲು ಹೋದಾಗ ಎದುರು ಸಿಗುವುದಿಲ್ಲ. ನಿವೃತ್ತ ಡ್ರಿಲ್ ಮೇಷ್ಟ್ರಾದ ನಾನು ಮಾತ್ರ ಬದುಕಿರುವವರ ಇತಿಹಾಸಕ್ಕೆ ಕೈಹಾಕಿದೆ. ಶಿರಾ ಹೊರವಲಯದ ನಮ್ಮ ಬಡಾವಣೆಗೆ ನಾಮಫಲಕ ಹಾಕುವ ಭಾನುವಾರ ಅದರ ಚರಿತ್ರೆ ಬರೆದು ಓದುವ ಹೊಣೆ ನನ್ನ ಪಾಲಿಗೆ ಬಿತ್ತು. ಕಾರಣ ಪಾಂಡಿತ್ಯವಲ್ಲ, ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳಿಸುವ ನನ್ನ ಗಂಟಲು.

ಹುಲಿಕುಂಟೆ ಕಡೆಯವರು ಗೃಹಪ್ರವೇಶಕ್ಕೆ ಕುರಿಗಳ ಸಮೇತ ಬಂದದ್ದು, ನಮ್ಮ ಬೀದಿಯ ಜಗಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಬಿಸಿಯೇರಿ, ಉರ್ದುವಿನಲ್ಲಿ ರಾಜಿಯಾಗುವುದು, ಎಲ್ಲವನ್ನೂ ಸಲೀಸಾಗಿ ಬರೆದೆ. ಸಿಕ್ಕಿಬಿದ್ದದ್ದು ಮೊದಲ ವಾಕ್ಯದಲ್ಲಿ. ಇಲ್ಲಿಗೆ ಮೊದಲು ಬಂದವರು ಯಾರು?

ಎಡಮನೆಯ ರಂಗಣ್ಣ ತಾವರೆಕೆರೆಯವರು. ಮೊದಲು ಪಾಯ ತೆಗೆದವರು ತಾವೇ ಅಂದರು. "ನಾನು ಗುದ್ದಲಿ ಹಾಕ್ದಾಗ ಇಲ್ಲಿ ಜಾಲಿ ಬುಟ್ರೆ ನರಪಿಳ್ಳೆ ಇರ್ಲಿಲ್ಲ ಕಣ್ರೀ ಮೇಷ್ಟ್ರೆ." ಬಲಮನೆಯ ಓಬಳಪ್ಪ ವೈ.ಎನ್.ಹೊಸಕೋಟೆಯಿಂದ ಬಂದ ಕಡಲೆಕಾಯಿ ವ್ಯಾಪಾರಿ. ಪಾಯ ಯಾರು ಬೇಕಾದರೂ ತೆಗೆಯಬಹುದು, ಮೊದಲು ಹಾಲುಕ್ಕಿಸಿದವನೇ ಮೊದಲ ನಿವಾಸಿ ಎಂಬುದು ಅವರ ಸಿದ್ಧಾಂತ. "ಆಯಪ್ಪನ ಪಾಯದಾಗೆ ಎರಡು ವರ್ಸ ನಮ್ಮ ಕೋಳಿ ಮೊಟ್ಟೆ ಇಟ್ಟವೆ ಸಾರೂ. ಅದೂ ಬರ್ಕೊಳ್ರಿ."

ಇಬ್ಬರ ಗೋಡೆಗಳ ನಡುವೆ ನನ್ನ ಮನೆ. ಒಬ್ಬರನ್ನು ಮೊದಲು ಮಾಡಿದರೆ ಇನ್ನೊಬ್ಬರ ಬಾಗಿಲು ನನಗೆ ಮುಚ್ಚಿದಂತೆಯೇ. ರಂಗಣ್ಣನ ಮನೆಯ ಪೇಪರು, ಓಬಳಪ್ಪನ ಮನೆಯ ಹುರಿದ ಕಡಲೆಕಾಯಿ, ಇವೆರಡರಲ್ಲಿ ಯಾವುದಿಲ್ಲದೆ ಬಾಳಬಹುದೆಂದು ಮೂರು ದಿನ ಗಂಭೀರವಾಗಿ ಚಿಂತಿಸಿದೆ. ಓದುವಾಗ ತಿನ್ನುವ ಅಭ್ಯಾಸ, ಎರಡೂ ಬೇಕಿತ್ತು.

ಶನಿವಾರ ಸಂಜೆ ಮೂಲೆಮನೆಯ ಜಮೀಲಾ ಬೀ ಹತ್ತಿರ ಹೋದೆ. ಇದೆಲ್ಲ ಹಿಂದೆ ಅವರ ಮಾವನ ಹೊಲ. ಅವರು ಪೇಟೆಯಿಂದ ಇಲ್ಲಿಗೆ ಬಂದದ್ದು ತಡವಾಗಿ, ಆದರೆ ಹೊಲದ ಬಾವಿ ಮೊದಲಿನಿಂದಲೂ ಇತ್ತು. ನನ್ನ ಸಂಕಟ ಕೇಳಿ ಹಾಸಿಗೆ ಹೊಲಿಯುತ್ತಿದ್ದ ಸೂಜಿ ನಿಲ್ಲಿಸಿದರು. "ಅವರ ಪಾಯಕ್ಕೂ ಇದೇ ನೀರು, ಇವರ ಹಾಲಿನ ಪಾತ್ರೆ ತೊಳ್ದಿದ್ದೂ ಇದೇ ನೀರು. ಮೊದ್ಲು ಯಾರು ಬಂದ್ರಿ ಅಂತ ಬಾವಿ ಕೇಳ್ತಾ?"

ಭಾನುವಾರ ಎದ್ದು ನಿಂತು, ಡ್ರಿಲ್ ದನಿಯಲ್ಲಿ ಓದಿದೆ: "ಈ ಬಡಾವಣೆಗೆ ಎಲ್ಲರಿಗಿಂತ ಮೊದಲು ಬಂದದ್ದು ಒಂದು ಬಾವಿ." ರಂಗಣ್ಣ ಓಬಳಪ್ಪನನ್ನು ನೋಡಿದರು, ಓಬಳಪ್ಪ ರಂಗಣ್ಣನನ್ನು. ಬಾವಿಯೆದುರು ಸೋಲುವುದರಲ್ಲಿ ಇಬ್ಬರಿಗೂ ಅವಮಾನ ಕಾಣಲಿಲ್ಲ, ಚಪ್ಪಾಳೆ ತಟ್ಟಿದರು. ಎದೆಯ ಮೇಲಿನ ಚಪ್ಪಡಿ ಇಳಿದಂತಾಗಿ ಕುರ್ಚಿಗೆ ಒರಗಿದೆ. ಪೇಪರೂ ಉಳಿಯಿತು, ಕಡಲೆಕಾಯಿಯೂ ಉಳಿಯಿತು.

ಆಗ ಜಮೀಲಾ ಬೀ ಕೂತಲ್ಲಿಂದಲೇ ಅಂದರು: "ಚೆನ್ನಾಗ್ ಬರ್ದಿದೀರ ಮೇಷ್ಟ್ರೆ. ಬಾವಿ ಬಕೀಟು ಯಾರು ತಗೊಂಡೋದ್ರು ಅಂತ ಮಾತ್ರ ಬರೀಲಿಲ್ಲ."

ಮನೆ ಕಟ್ಟುವಾಗ ನನ್ನ ಹೊಸ ಗೋಡೆಗೆ ನೀರು ಹೊಡೆಯಲು ಒಂದು ದಿನದ ಮಟ್ಟಿಗೆಂದು ತಂದ ಬಕೀಟು ಅದು. ಆಮೇಲೆ ತಳಕ್ಕೆ ನಾನೇ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಕರಿಬೇವು ನೆಟ್ಟು ಹಿತ್ತಲಲ್ಲಿ ಇಟ್ಟಿದ್ದೇನೆ. ವಾರಕ್ಕೊಮ್ಮೆ ಜಮೀಲಾ ಬೀ ಬಂದು ಎರಡು ಕಡ್ಡಿ ಸೊಪ್ಪು ಕಿತ್ತುಕೊಂಡು ಹೋಗುವಾಗ, ಎಂಥ ಉದಾರಿ ನಾನು ಎಂದು ಇಷ್ಟು ವರ್ಷವೂ ಒಳಗೊಳಗೇ ಬೀಗುತ್ತಿದ್ದೆ.