ಶನಿವಾರದ ಸೆಮಿನಾರು

ಹೊಸದಾಗಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಬುದ್ಧಿ ಹೇಳೋಕೆ ಹೋದ ಮೇಷ್ಟರ ಪಾಡು ಯಾವ ಕಾಲಕ್ಕೂ ಒಂದೇ. ವರ್ಷಕ್ಕೊಂದು ಸಲವಾದರೂ ತಾನೇ ಬೆಪ್ಪಾಗಿ ನಿಲ್ಲಬೇಕು. ನಾನು ನಿಂತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕಡೂರಿನ ಕಾಲೇಜೊಂದರಲ್ಲಿ. ಮೈಸೂರಿನ ಯಾವುದೋ ಸಭೆಗೆ ಹೋಗಿಬಂದ ಪ್ರಿನ್ಸಿಪಾಲರು, "ಹಳ್ಳಿ ಹುಡುಗರು ಕಾಲೇಜಿಗೆ ಹೊಂದಿಕೊಳ್ಳಬೇಕು ಕಣ್ರೀ. ಪ್ರತಿ ಶನಿವಾರ ಒಂದು ಸೆಮಿನಾರ್ ಮಾಡಿ" ಎಂದರು. ಕನ್ನಡ ಮೇಷ್ಟರಿಗೆ ಕೆಲಸ ಕಡಿಮೆ ಎಂಬ ನಂಬಿಕೆಯಿಂದ ಅದು ನನ್ನ ಕೊರಳಿಗೆ ಬಿತ್ತು.

ಸಾಹೇಬ್ರು ಬಂದ್ರಾ?

"ಶನಿವಾರ ಎರಡು ಗಂಟೆಗೆ ಸೆಮಿನಾರ್. ಹೊಸಬರೆಲ್ಲ ತಪ್ಪದೆ ಬರಬೇಕು" ಎಂದು ನೋಟಿಸು ಹಾಕಿಸಿದೆ. ಚೌಳಹಿರಿಯೂರಿನ ವಿದ್ಯಾರ್ಥಿಯೊಬ್ಬ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಎರಡು ಎಳನೀರು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಸಾ, ಅವ್ರು ಬಂದ್ರಾ?"

"ಯಾರೋ?"

"ಸೆಮಿನಾರ್ ಸಾಹೇಬ್ರು. ಅಮಲ್ದಾರ್‌ಗಿಂತ ದೊಡ್ಡೋರಿರ್ಬೇಕು, ಬರಿಗೈಲಿ ಹೋಗ್ಬ್ಯಾಡ ಅಂದ್ರು ನಮ್ಮಪ್ಪ."

ಸೆಮಿನಾರ್ ಅಂದರೆ ಮನುಷ್ಯರಲ್ಲ ಎಂದು ಬಿಡಿಸಿ ಹೇಳಿದೆ. ಅವನ ಮುಖ ಬಾಡಿಹೋಯಿತು. ಅಷ್ಟು ದೂರದಿಂದ ಬಸ್ಸಿನಲ್ಲಿ ಹೊತ್ತು ತಂದದ್ದನ್ನು ಪಾಪ ವಾಪಸ್ ಒಯ್ಯುವುದು ಹೇಗೆ? ಕೊನೆಗೆ ಆ ಸಾಹೇಬ ನಾನೇ ಎಂದು ಒಪ್ಪಿಕೊಂಡು, ಎರಡನ್ನೂ ಕುಡಿದೆ.

ಮಾತು ಬಿಟ್ಟವರು

ಪರಸ್ಪರ ಪರಿಚಯವಾಗಲಿ ಎಂದು ಒಂದು ದಿನ, "ಪಕ್ಕದಲ್ಲಿ ಕೂತವರ ಬಗ್ಗೆ ಎದ್ದು ನಿಂತು ನಾಲ್ಕು ಮಾತು ಹೇಳಿ" ಎಂದೆ. ಅಜ್ಜಂಪುರ ಕಡೆಯ ಇಬ್ಬರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಒಬ್ಬ ಎದ್ದ, ತುಟಿ ಬಿಚ್ಚಲಿಲ್ಲ.

"ಹೇಳಪ್ಪಾ."

"ಆಗಲ್ಲ ಸಾ. ನಮಗೂ ಅವ್ರಿಗೂ ಮಾತಿಲ್ಲ."

"ಯಾವಾಗಿಂದ?"

"ನಮ್ಮ ತಾತನ ಕಾಲದಿಂದ ಸಾ. ಹೊಲದ ಬದುವಿನ ಜಗಳ."

ಪಕ್ಕದವನೂ ಹೌದೆಂದು ತಲೆಯಾಡಿಸಿದ.

"ಮತ್ತೆ ದಿನಾ ಜೊತೇಲೇ ಕೂರ್ತೀರಲ್ರೋ?"

"ಏನ್ ಮಾಡೋದು ಸಾ, ಇಲ್ಲಿ ಬ್ಯಾರೆ ಯಾರ ಪರಿಚಯಾನೂ ಇಲ್ವಲ್ಲ!"

ಅಮ್ಮನ ತಿದ್ದುಪಡಿ

ಮನೆಯಲ್ಲಿ ಓದಲು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ ಎಂದಿದ್ದೆ. ಕಡೂರಿನದೇ ಒಬ್ಬ ಹುಡುಗಿ ಮುಂದಿನ ವಾರ ಅದನ್ನು ಕಿತ್ತು ತಂದಳು. "ಸಂಜೆ ಐದರಿಂದ ಏಳು: ಓದು" ಎಂದಿದ್ದಲ್ಲಿ ಹೊಡೆದುಹಾಕಿ "ರುಬ್ಬುವುದು" ಎಂದು ಬರೆದಿತ್ತು.

"ಅಮ್ಮ ಬರೆಸಿದ್ದು ಸಾರ್. ಮೇಷ್ಟ್ರೇ ಟೈಮು ಹಾಕ್ಕೊಟ್ಟವ್ರೆ, ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತಾರೆ."

ರೋಲ್ ನಂಬರ್ ಮೂವತ್ತೇಳು

ಮೂರು ತಿಂಗಳಾದರೂ ಸೆಮಿನಾರಿನಲ್ಲಿ ಒಬ್ಬರೂ ಪ್ರಶ್ನೆ ಕೇಳಿರಲಿಲ್ಲ. "ಬಾಯೇ ಬಿಡದ ಕ್ಲಾಸ್ ಯಾಕ್ರೀ? ಈ ವಾರ ಬಂದು ನೋಡ್ತೀನಿ, ಸರಿಯಿಲ್ಲದಿದ್ರೆ ನಿಲ್ಲಿಸಿಬಿಡೋಣ" ಎಂದರು ಪ್ರಿನ್ಸಿಪಾಲರು. ನನಗೋ ಅಷ್ಟರಲ್ಲಿ ಆ ಮಕ್ಕಳ ಮೇಲೆ ಪ್ರೀತಿ ಬೆಳೆದಿತ್ತು.

ಶನಿವಾರ ಹೋಗಿ ನೋಡಿದರೆ ಮುಂದಿನ ಬೆಂಚಿನಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ಕೂತಿದ್ದಾರೆ! ತರೀಕೆರೆ ಕಡೆಯ ರೈತರು.

"ಮಗಂಗೆ ಜ್ವರ ಬಂದೈತೆ ಮೇಷ್ಟ್ರೇ. ಹಾಜರಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರ್ಸಲ್ವಂತೆ. ಅದಕ್ಕೆ ನಾನೇ ಬಂದ್ಬಿಟ್ಟೆ."

ಎಬ್ಬಿಸಿ ಕಳಿಸಲು ಮನಸ್ಸಾಗಲಿಲ್ಲ. ಎಂದಿನಂತೆ, "ಗೊತ್ತಾಗದ್ದನ್ನ ನಾಚಿಕೆ ಬಿಟ್ಟು ಕೇಳಿ" ಎಂದೆ. ಅವರ ಕೈ ತಟ್ಟನೆ ಮೇಲೆದ್ದಿತು.

"ನನ್ ಮಗ ಊರಲ್ಲಿ ವಟವಟ ಅಂತಾನೆ. ಇಲ್ಲಿ ಬಂದ್ರೆ ಯಾಕೆ ಮೂಗನಾಗ್ತಾನೆ?"

ಹಿಂದಿನಿಂದ ಒಬ್ಬ ಎದ್ದು, "ಇಂಗ್ಲಿಷ್ ಪಾಠ ತಿಳಿಯಲ್ಲ ಅಜ್ಜ, ಕೇಳಿದ್ರೆ ನಗ್ತಾರೆ ಅಂತ ಭಯ" ಎಂದ. ಒಬ್ಬ ಹುಡುಗಿ ಎದ್ದಳು. ಇನ್ನೊಬ್ಬ ಎದ್ದ. ಮೂರು ತಿಂಗಳು ಕಟ್ಟಿಟ್ಟ ಮಾತೆಲ್ಲ ಒಟ್ಟಿಗೇ ಹೊರಬಿತ್ತು.

ಆ ಗಲಾಟೆಯ ನಡುವೆ ಪ್ರಿನ್ಸಿಪಾಲರು ಒಳಗೆ ಬಂದರು. ಮಾತಿನ ಸಂತೆ ನೋಡಿ ಹಿಗ್ಗಿದರು. "ಸೆಮಿನಾರ್ ಅಂದ್ರೆ ಇದು! ನಡೀಲಿ, ನಡೀಲಿ" ಎಂದು ತಿರುಗುವಾಗ ರುಮಾಲು ಕಣ್ಣಿಗೆ ಬಿತ್ತು.

"ಇವರು ಯಾರು?"

ಹಿರಿಯರು ಎದ್ದು ಕೈಕಟ್ಟಿ ನಿಂತರು.

"ಫಸ್ಟ್ ಇಯರ್ ಸಾ. ರೋಲ್ ನಂಬರ್ ಮೂವತ್ತೇಳು."

ಪ್ರಿನ್ಸಿಪಾಲರು ಅವರನ್ನು ಮೇಲಿಂದ ಕೆಳಗೆ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು:

"ಕಾಲೇಜಿಗೆ ಹೊಂದಿಕೊಂಡ್ರಾ?"

"ಓ, ಎಲ್ಲಾ ಹೊಂದ್ತು ಸಾ. ಬೆಂಚೊಂದೇ ವಸಿ ಸಣ್ಣದಾಯ್ತು."